ಬ್ಲಫ್‌ನ ಯಂತ್ರಕ್ಕೆ ಸಾಲದ ಮೆಮೊರಿ

“ಮೇಷ್ಟ್ರೇ, ನಮ್ಮಕ್ಕ ಕಂಪ್ಯೂಟರ್ ಕೆಡಿಸ್ಬುಟ್ಳು ಅಂತಾವ್ರೆ! ಬ್ಲಫ್‌ನಾಗೆ ಯಾರ ಮನೆಗೂ ಸೇರುಸ್ಬ್ಯಾಡಿ ಅಂತ ಸಾರ್ಕೊಂಡು ಬತ್ತಾವ್ರೆ ಇಂಜಿನಿಯರು,” ಎಂದ ಪುಟ್ಟಸ್ವಾಮಿ, ಮೇಷ್ಟರ ಬಾಗಿಲಲ್ಲಿ ನಿಂತು.

ಅದು ೧೯೭೯. ಮದ್ದೂರಿನ ನಿವೃತ್ತ ವಿಜ್ಞಾನ ಮೇಷ್ಟರು ತಿರುನಾರಾಯಣ ಎಷ್ಟೋ ಗೋಜಲು ಬಿಡಿಸಿದ್ದರು. ಆಗೆಲ್ಲ ಜೊತೆಗಿದ್ದವನು ಪುಟ್ಟಸ್ವಾಮಿ. ಈ ಸಲ ಕಟಕಟೆಯಲ್ಲಿದ್ದವಳು ಅವನ ಸ್ವಂತ ಅಕ್ಕ, ಇಂಜಿನಿಯರ ಮನೆಗೆಲಸದ ದೇವಿರಮ್ಮ. ಮಳವಳ್ಳಿ ದಾಟುವವರೆಗೂ ಅವನಿಗೆ ಬಸ್ಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ.

ವಿದ್ಯುತ್ ಕೇಂದ್ರದ ಊರಾದ ಬ್ಲಫ್‌ನಲ್ಲಿ ಇಂಜಿನಿಯರ್ ಅನಂತರಾಮು ವಿದೇಶದಿಂದ ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸಿದ ಯಂತ್ರ ಅದು. ನಾಳೆ ಅದನ್ನು ನೋಡಲು ಬೆಂಗಳೂರಿನ ಕಂಪನಿಯವರು ಬರುವವರಿದ್ದರು.

“ಕರೆಂಟು ಹೋದರೆ ಇದು ಎಲ್ಲ ಮರೆಯುತ್ತದೆ. ಪ್ರತಿಸಲ ಈ ಕ್ಯಾಸೆಟ್ಟಿನಿಂದ ಆಪರೇಟಿಂಗ್ ಸಿಸ್ಟಮ್ ತುಂಬಬೇಕು,” ಎಂದರು ಅನಂತರಾಮು, ಮನೆಗೆ ಬಂದ ಮೇಷ್ಟರಿಗೆ ಯಂತ್ರ ತೋರಿಸುತ್ತ. “ಕೀಲಿ ಒತ್ತಿದ ಅಕ್ಷರ ಪರದೆಗೆ ಬರುವುದು, ಬರೆದದ್ದು ಟೇಪಿಗಿಳಿಯುವುದು ಎಲ್ಲ ಅದರಿಂದಲೇ. ನಿನ್ನೆ ಬೈದಿದ್ದಕ್ಕೆ ದೇವಿರಮ್ಮ ಬೇಕೆಂದೇ ಕ್ಯಾಸೆಟ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಾಳೆ.”

ಅವರ ಹೆಂಡತಿ ಶ್ರೀಮತಿ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತಿದ್ದರು.

ಮೇಷ್ಟರು ಯಂತ್ರ ಚಾಲೂ ಮಾಡಿಸಿದರು. ಟೇಪು ಕಿರುಗುಟ್ಟಿತು, ಪರದೆಯ ಮೇಲೆ ‘ಮೆಮೊರಿ ಸಾಲದು’ ಎಂಬರ್ಥದ ಇಂಗ್ಲಿಷ್ ಸಾಲು ಮೂಡಿ ನಿಂತಿತು. “ಟೇಪು ಕೆಟ್ಟಿದ್ದಕ್ಕೇ ಹೀಗೆ ಏನೇನೋ ತೋರಿಸುತ್ತಿದೆ,” ಎಂದರು ಅನಂತರಾಮು. ಆಮೇಲೆ ಮೇಷ್ಟರು ಕೈಪಿಡಿಯ ಹಾಳೆಗಳನ್ನು ಮಗುಚಿದರು. ‘ಬೇಕಾದ ಸಲಕರಣೆ’ ಎಂಬ ಪುಟದ ಅಂಚಿನಲ್ಲಿ ಅರಿಶಿನದ ಬೆರಳಚ್ಚಿತ್ತು.

ಮೇಷ್ಟರು ದೇವಿರಮ್ಮನನ್ನೂ ಸೇರಿಸಿ ಎಲ್ಲರನ್ನೂ ನಡುಮನೆಗೆ ಕರೆದರು.

“ಆ ಸಾಲು ಇರುವುದೇ ಟೇಪಿನಲ್ಲಿ. ಟೇಪು ಕೆಟ್ಟಿದ್ದರೆ ಅದು ಮೂಡುತ್ತಲೇ ಇರಲಿಲ್ಲ. ಈ ಸಿಸ್ಟಮ್ಮಿಗೆ ಹದಿನಾರು ಕೆ ಮೆಮೊರಿ ಬೇಕು, ಒಳಗೆ ಅಷ್ಟಿಲ್ಲ. ಮುಚ್ಚಳ ತೆಗೆಯಿರಿ.”

ಎಂಟು ಮೆಮೊರಿ ಚಿಪ್‌ಗಳ ಜಾಗ ಖಾಲಿ!

“ಯಾವುದನ್ನು ಕಿತ್ತರೆ ಯಂತ್ರ ನಿಲ್ಲುತ್ತದೆಂದು ಈ ಪುಟ ನೋಡಿ ತಿಳಿದಿದ್ದಾರೆ. ಅನಂತರಾಮುಗೆ ಇದು ಬಾಯಿಪಾಠ. ದೇವಿರಮ್ಮನಿಗೆ ಇಂಗ್ಲಿಷ್ ಬಾರದು. ಅರಿಶಿನದ ಕೈಯವರು, ಇಂಗ್ಲಿಷ್ ಓದಬಲ್ಲವರು ಈ ಮನೆಯಲ್ಲಿ ಇನ್ನೊಬ್ಬರೇ.”

ಶ್ರೀಮತಿ ಮುಂದೆ ಬಂದರು. “ಇದನ್ನೇ ನಂಬಿ ಸೋಮವಾರ ಕೆಲಸಕ್ಕೆ ರಾಜೀನಾಮೆ ಕೊಡ್ತೀನಿ ಅಂದ್ರು. ಬರುವವರ ಮುಂದೆ ಇದು ನಿಂತುಹೋದರೆ ಸುಮ್ಮನಾಗ್ತಾರೆ ಅಂದ್ಕೊಂಡೆ. ಚಿಪ್‌ಗಳೆಲ್ಲ ಜೋಪಾನವಾಗಿವೆ. ದೇವಿರಮ್ಮನ ಹೆಸರು ಬಂದಾಗ… ನನಗೆ ಬಾಯೇ ಬರಲಿಲ್ಲ.”

ಅನಂತರಾಮು ದೇವಿರಮ್ಮನತ್ತ ಕೈಮುಗಿದರು.

“ಮುಟ್ಟಿದ್ಯಾ ಅಂತ ಒಂದ್ಸಲ ಕೇಳಿದ್ರೆ ಆಗಿರಾದು ಸ್ವಾಮಿ. ಕೇಳ್ನಿಲ್ಲ ನೀವು. ಈಗ ಓಗಿ, ಸಾರ್ಕೊಂಡು ಬಂದ ಮನೆಗೆಲ್ಲ ನೀವೇ ಏಳ್ಬುಟ್ಟು ಬನ್ನಿ,” ಎಂದಳು ಆಕೆ.

ಅನಂತರಾಮು ಚಪ್ಪಲಿ ಮೆಟ್ಟಿ ಪಕ್ಕದ ಮನೆಯ ಬಾಗಿಲು ತಟ್ಟಿದರು. ಪುಟ್ಟಸ್ವಾಮಿಗೆ ಆಗ ಉಸಿರು ಬಂತು.