ತಾಳೆಯಾದ ತಪ್ಪು

ಪೂಜಿತಾಳ ಪುಸ್ತಕದ ಮೇಲೆ ಶೈಲೇಶ್ ಬಗ್ಗಿದಾಗಲೆಲ್ಲ ರಮಿತಾಳ ಪೆನ್ಸಿಲಿನ ಮೊನೆ ಮುರಿಯುತ್ತಿತ್ತು.

ಡೊಂಬಿವಲಿಯ ಕನ್ನಡ ಸಂಘದ ಮಹಡಿಯ ಕೋಣೆ. ಗೋಡೆಗೊತ್ತಿ ಎದುರುಬದುರಾಗಿ ಇಟ್ಟ ಬೆಂಚುಗಳು. ಶನಿವಾರ ಸಂಜೆ ಅಲ್ಲಿ ಲೆಕ್ಕ ಬರೆಯುವ ಕ್ಲಾಸು. ಠಾಣೆಯ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಶೈಲೇಶ್, ನೆರೂಳಿನ ಮನೆಗೆ ಹೋಗುವುದು ಬಿಟ್ಟು ಬೇರೆ ದಿಕ್ಕಿನ ಲೋಕಲ್ ಹಿಡಿದು ಬಂದು ಕಲಿಸುತ್ತಿದ್ದ.

ಅಂಬರನಾಥದಲ್ಲಿ ಅಪ್ಪ ನಡೆಸುವ ಕ್ಯಾಂಟೀನಿನ ಲೆಕ್ಕ ತಾನೇ ಬರೆಯಬೇಕೆಂದು ರಮಿತಾ ಸೇರಿದ್ದಳು. ಮೊದಲ ದಿನವೇ ಕಾರಣ ಎರಡಾಗಿತ್ತು.

"ನಡೆದದ್ದನ್ನು ನಡೆದ ಹಾಗೆ ಜರ್ನಲ್‌ನಲ್ಲಿ ಬರೀರಿ," ಎಂದಿದ್ದ ಅವನು. "ಆಮೇಲೆ ಒಂದೊಂದನ್ನೂ ಅದರದರ ಖಾತೆಗೆ, ಲೆಡ್ಜರಿಗೆ ಒಯ್ಯಿರಿ. ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಕೊನೆಗೆ ಎರಡೂ ಮೊತ್ತ ತಾಳೆಯಾಗ್ಬೇಕು."

ರಮಿತಾ ಬೇಗ ಕಲಿತಳು. ಅದೇ ಅವಳಿಗೆ ಮುಳುವಾಯಿತು.

ಪೂಜಿತಾಗೆ ಎಡಬಲ ಹತ್ತುತ್ತಲೇ ಇರಲಿಲ್ಲ. "ಸರ್, ರೆಂಟ್ ಕೌನ್ ಸೀ ಸೈಡ್, ಎಡವಾ ಬಲವಾ?" ಎಂದು ಕಣ್ಣರಳಿಸಿದರೆ ಸಾಕು, ಅವನು ಅವಳ ಬೆಂಚಿನಲ್ಲೇ ಕೂತುಬಿಡುತ್ತಿದ್ದ. ರಮಿತಾಳ ಪುಸ್ತಕಕ್ಕೆ ನಿಂತಲ್ಲೇ ಒಂದು ಟಿಕ್. "ಎಲ್ಲ ಸರಿ ಉಂಟು."

ಆ 'ಸರಿ ಉಂಟು' ಕೇಳಿದರೆ ಅವಳ ಮೈ ಉರಿಯುತ್ತಿತ್ತು.

ಇಂದು ಕೊನೆಯ ಕ್ಲಾಸು. ಇಂದೂ ಅವನು ನಿಂತೇ ಹೊರಟುಹೋದರೆ ಮತ್ತೆ ನೋಡಲು ಯಾವ ನೆಪವೂ ಇಲ್ಲ.

ರಮಿತಾ ಬೇಕೆಂದೇ ಬಾಡಿಗೆಯ ಖಾತೆಯಲ್ಲಿ, ಡೆಬಿಟ್ ಕಡೆಗೆ, ಐನೂರು ಹೆಚ್ಚು ಬರೆದಳು. ಬರೆದ ಮೇಲೆ ಜೀವ ತಡೆಯಲಿಲ್ಲ. ಪೂಜಿತಾಳ ಮೊತ್ತ ತಾಳೆಯಾಗಿ ತನ್ನದು ಆಗದಿದ್ದರೆ? ಛೇ! ಮಾರಾಟದ ಖಾತೆಯಲ್ಲಿ ಕ್ರೆಡಿಟ್ ಕಡೆಗೂ ಐನೂರು ಏರಿಸಿದಳು. ಈಗ ತಪ್ಪೂ ಇತ್ತು, ತಾಳೆಯೂ ಆಗಿತ್ತು.

ಚಹಾ ಬಂತು. ಶೈಲೇಶ್ ಎಂದಿನಂತೆ ಒಂದು ಲೋಟದ ಕೆನೆಯನ್ನು ಚಮಚದಿಂದ ತೆಗೆದು ಆ ಲೋಟವನ್ನು ರಮಿತಾಳ ಮುಂದಿಟ್ಟ. ಅವಳು ಗಮನಿಸಲಿಲ್ಲ. ಅವಳ ಕಣ್ಣು ಪೂಜಿತಾಳ ಹೊಸ ಜುಮುಕಿಯ ಮೇಲಿತ್ತು.

ಅವನು ರಮಿತಾಳ ಪುಸ್ತಕ ತೆರೆದ. ಟಿಕ್ ಹಾಕಲು ಹೋದ ಕೈ ನಿಂತಿತು. ಮೊದಲ ಬಾರಿಗೆ ಅವಳ ಪಕ್ಕದಲ್ಲಿ ಕೂತ.

"ರಮಿತಾ, ಇದೆಂತದು? ಜರ್ನಲ್‌ನಲ್ಲಿ ಒಂದು, ಲೆಡ್ಜರಲ್ಲಿ ಒಂದು?"

"ತಪ್ಪು. ನನಗೂ ತಪ್ಪು ಮಾಡ್ಲಿಕ್ಕೆ ಬರ್ತದೆ."

"ಕಲಿಯುವವರ ತಪ್ಪು ಹೀಗಿರೋದಿಲ್ಲ ಮಾರಾಯ್ರೆ. ಎಡಕ್ಕೆ ಐನೂರು, ಬಲಕ್ಕೂ ಐನೂರು! ಇಷ್ಟು ಚಂದ ತಪ್ಪಬೇಕಾದ್ರೆ ಲೆಕ್ಕ ಪೂರ್ತಿ ಗೊತ್ತಿರ್ಬೇಕು. ಯಾಕೆ ಮಾಡಿದ್ದು?"

ಅವಳ ಕಿವಿ ಕೆಂಪಾಯಿತು. "ತಪ್ಪು ಮಾಡಿದವರ ಪಕ್ಕ ಮಾತ್ರ ನೀವು ಕೂರೋದಲ್ವಾ?"

ಶೈಲೇಶ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ, ಮತ್ತೆ ಹಾಕಿದ.

"ಆ ಬೆಂಚಲ್ಲಿ ಕೂತ್ರೆ ಎದುರಿಗೆ ನೀವು ಕಾಣ್ತೀರಿ," ಎಂದ ಮೆಲ್ಲಗೆ. "ಇಲ್ಲಿ ಕೂತ್ರೆ ಪುಸ್ತಕ ಮಾತ್ರ ಕಾಣೋದು."

"ಅಗಂ ಬಾಯೀ, ಅಯ್ಯೋ ದೇವ್ರೆ!" ಎದುರು ಬೆಂಚಿನಿಂದ ಪೂಜಿತಾ ಕೂಗಿದಳು. "ಸರ್, ಅದಕ್ಕಾ ನನಗೆ ಒಂದೊಂದು ಎಂಟ್ರಿ ಹತ್ತು ಹತ್ತು ಸಲ ಹೇಳಿದ್ದು? ನಾನೇ ಬುದ್ಧೂ ಅಂದ್ಕೊಂಡಿದ್ದೆ!"

ಕೋಣೆಯೆಲ್ಲ ನಕ್ಕಿತು. ಮುಖ ಮರೆಮಾಡಲು ರಮಿತಾ ಚಹಾದ ಲೋಟ ಎತ್ತಿಕೊಂಡಳು. ಕೆನೆ ಇರಲಿಲ್ಲ. ಪೂಜಿತಾಳ ಲೋಟದಲ್ಲಿ ಇತ್ತು, ಎಲ್ಲರ ಲೋಟದಲ್ಲೂ ಇತ್ತು. ಮೊದಲ ದಿನ ಕೆನೆ ನೋಡಿ ತಾನು ಮುಖ ಹಿಂಡಿದ್ದು ಆಗ ನೆನಪಾಯಿತು. ಆಮೇಲೆ ಒಂದು ಶನಿವಾರವೂ ತುಟಿಗೆ ಕೆನೆ ತಾಗಿರಲಿಲ್ಲ.

"ಮುಂದಿನ ಶನಿವಾರ ಕ್ಲಾಸಿಲ್ಲ," ಎಂದ ಶೈಲೇಶ್. "ಆದ್ರೂ ನಾನು ಈ ಕಡೆಯ ಗಾಡಿಯನ್ನೇ ಹಿಡಿಯಬಹುದಾ?"

ರಮಿತಾ ಜುಮುಕಿಯ ಕಡೆಗೊಮ್ಮೆ ನೋಡಿ, ಅವನ ಕಡೆ ತಿರುಗಿದಳು.

"ಬನ್ನಿ. ಆದ್ರೆ ಎದುರಿಗೇ ಕೂರ್ಬೇಕು," ಎಂದಳು. "ಮತ್ತೆ, ನಿಮ್ಮ ಬೆಂಚಲ್ಲಿ ಬೇರೆ ಯಾರೂ ಇರ್ಬಾರ್ದು."