ಮೂಗು ಮುರಿಯುವವರು

ಅತ್ತೆ ಮಂಚದ ಕೆಳಗೆ ತಲೆ ತೂರಿಸಿ, ಉಸಿರು ಬಿಗಿಹಿಡಿದು ಕಿವಿಗೊಟ್ಟು ಕೇಳುತ್ತಿದ್ದಳು.

"ಗೊರಕೆನೇ ಕೇಳಿಸ್ತಾ ಇಲ್ವಲ್ಲೇ," ಎನ್ನುತ್ತಾ ಕೊನೆಗೆ ತಲೆ ಹೊರತೆಗೆದಳು. ಕೂದಲಿಗೆ ಜೇಡರ ಬಲೆ ಅಂಟಿತ್ತು. "ಈ ಮನೆ ಮರಿಗಳು ಎಲ್ಲಿ ಮಲಗಿದ್ರೂ ಬೀದಿಗೆಲ್ಲ ಗೊತ್ತಾಗುತ್ತೆ. ಇದೊಂದು ಎಲ್ಲಿ ಹಾಳಾಗಿ ಹೋಯ್ತು?"

ಬುಗುರಿ ಒಗೆಯುವ ಬಟ್ಟೆಯ ಬುಟ್ಟಿಗೆ ಬೆನ್ನು ಕೊಟ್ಟು ಕೂತು, ಮಡಿಲಲ್ಲಿ ಗಣಿತದ ಪುಸ್ತಕ ತೆರೆದಿಟ್ಟುಕೊಂಡಿದ್ದಳು. ಒಂದು ಕಡೆ ಕೂತು ಗೊತ್ತಿಲ್ಲದ ಹುಡುಗಿ ಎಂದೇ ಅವಳಿಗೆ ಆ ಹೆಸರು ಬಿದ್ದಿದ್ದು. ಅಂಥವಳು ಇಷ್ಟು ಹೊತ್ತು ಅಲುಗದೆ ಕೂತಿದ್ದಾಳೆ ಎಂದರೆ ಅತ್ತೆಗೆ ಅನುಮಾನ ಬರಬೇಕಿತ್ತು. ಆದರೆ ಔಷಧಿ ಅಂಗಡಿಯವರು ಮರಿ ನೋಡಲು ಬರುವ ಹೊತ್ತಾಗಿತ್ತು. ಅತ್ತೆಗೆ ಕೈಕಾಲೇ ಆಡುತ್ತಿರಲಿಲ್ಲ.

ಅತ್ತೆ ಸಾಕಿದ್ದು ಪಗ್ ಜಾತಿಯ ನಾಯಿ. ಮುಖವೆಲ್ಲ ಮಡಿಕೆ ಮಡಿಕೆ. ಮೂಗು ಅನ್ನುವುದು ಎರಡು ಕಣ್ಣುಗಳ ನಡುವೆ ಒತ್ತಿ ಕೂರಿಸಿದ ಕಪ್ಪು ಗುಂಡಿಯ ಹಾಗೆ. ಎಚ್ಚರವಿದ್ದಾಗಲೂ ಗೊರ್ ಗೊರ್ ಎನ್ನುತ್ತಿದ್ದರಿಂದ ಅದನ್ನು ಎಲ್ಲರೂ ಗೊರಕಮ್ಮ ಎಂದೇ ಕರೆಯುತ್ತಿದ್ದರು. ಮರಿಗಳೂ ತಾಯಿಯನ್ನೇ ಹೋಲುತ್ತಿದ್ದವು, ಒಂದನ್ನು ಬಿಟ್ಟು. ಆ ಒಂದರ ಮೂಗು ಮಾತ್ರ ಮುಂದಕ್ಕೆ ಚಾಚಿತ್ತು. ಹೆಚ್ಚೇನಿಲ್ಲ, ಬುಗುರಿಯ ಹೆಬ್ಬೆರಳ ತುದಿಯಷ್ಟು. ಅದು ಮಲಗಿದರೆ ಮಲಗಿದ್ದೇ ಗೊತ್ತಾಗುತ್ತಿರಲಿಲ್ಲ.

ನಿನ್ನೆ ಸಂಜೆ ಅತ್ತೆ ಆ ಮರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ನಿನ್ನ ಕಂಡ್ರೆ ಬಂದೋರೆಲ್ಲ ಮೂಗು ಮುರೀತಾರಲ್ಲೋ ಕಂದ," ಎಂದಿದ್ದಳು.

ಆ ಮಾತು ಬುಗುರಿಯ ಕಿವಿಗೆ ಬಿದ್ದದ್ದೇ ತಡ, ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತು. ಗೊರಕಮ್ಮನ ಮುಖ ಗೋಡೆಗೆ ಡಿಕ್ಕಿ ಹೊಡೆದ ಹಾಗೆ ಯಾಕಿದೆ? ಯಾರೋ ಮುರಿದಿದ್ದಾರೆ, ಅದಕ್ಕೆ. ಮಿಕ್ಕ ಮರಿಗಳದ್ದು, ಗೊರಕಮ್ಮನಿಗೆ ಆಪರೇಷನ್ ಮಾಡಿ ಅವನ್ನು ಹೊರತೆಗೆದ ದಿನವೇ ಡಾಕ್ಟರು ಮುರಿದಿರಬೇಕು. ಇದೊಂದು ಹೇಗೋ ಅವರ ಕೈಗೆ ಸಿಗದೆ ತಪ್ಪಿಸಿಕೊಂಡಿದೆ. ಈಗ ಕೊಳ್ಳುವವರು ಬಂದು ಬಾಕಿ ಕೆಲಸ ಮುಗಿಸುತ್ತಾರೆ.

ಅದಕ್ಕೇ ಈವತ್ತು ಸ್ಕೂಲಿನಿಂದ ಬಂದವಳು ಶೂಸ್ ಕೂಡ ಬಿಚ್ಚದೆ ಮರಿಯನ್ನು ಬುಟ್ಟಿಯಲ್ಲಿ ಮಲಗಿಸಿದ್ದಳು. ಹೆಣೆದ ಬುಟ್ಟಿ, ಗಾಳಿ ಚೆನ್ನಾಗಿ ಆಡುತ್ತಿತ್ತು. ಮುಚ್ಚಳವನ್ನೂ ಸ್ವಲ್ಪ ಓರೆಯಾಗಿಟ್ಟಿದ್ದಳು.

ಹೊರಗೆ ಸ್ಕೂಟರ್ ನಿಂತಿತು. ಔಷಧಿ ಅಂಗಡಿಯವರು ಒಳಗೆ ಬಂದು, ಮರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ಮಾತ್ರೆ ಎಣಿಸಿ ಕೊಡುವ ಹಾಗೆ ಮಾತಾಡುವ ಮನುಷ್ಯ.

"ನಮ್ಮನೆಯವಳು ಒಂದು ಮಾತು ಕೇಳ್ಕೊಂಡು ಬಾ ಅಂದಿದ್ದಾಳೆ ತಾಯಿ. ಇದಕ್ಕೆ ಇಷ್ಟೊಂದು ರೇಟು ಯಾಕೆ? ನಾಯಿಗೋ, ನಾಯಿ ಹೆಸರಿಗೋ?"

"ಎರಡಕ್ಕೂ ಅಣ್ಣ," ಎಂದಳು ಅತ್ತೆ. "ಮರಿಗಳ ತಲೆ ದಪ್ಪ, ತಾಯಿ ಸೊಂಟ ಸಣ್ಣ. ತಾನಾಗಿ ಹೆರೋಕಾಗದೆ ಆಪರೇಷನ್ನೇ ಮಾಡಿಸಬೇಕಾಯ್ತು. ಹಾಲು ಕುಡಿಯುವಾಗ ಉಸಿರು ಸಿಕ್ಕಿಕೊಳ್ಳುತ್ತೆ ಅಂತ ಪಕ್ಕದಲ್ಲೇ ಕಾಯಬೇಕು. ಸೆಕೆ ತಡೆಯೋಲ್ಲ, ಫ್ಯಾನ್ ಬೇಕು. ಮುಖದ ಮಡಿಕೆ ದಿನಾ ಒರೆಸಬೇಕು, ಇಲ್ದಿದ್ರೆ ಹುಣ್ಣು. ಅದರ ಮೇಲೆ ಜಾತಿ ಪೇಪರು ಬೇರೆ. ಇನ್ನು ಮೂಗು ಎಷ್ಟು ಚಪ್ಪಟೆಯೋ ರೇಟು ಅಷ್ಟು ಮೇಲೆ."

"ಮಗು ಸಾಕಿದ ಹಾಗೇ ಅನ್ನಿ."

"ಮಗುವಾದ್ರೆ ದೊಡ್ಡದಾದ್ಮೇಲೆ ತನ್ನ ಮುಖ ತಾನೇ ತೊಳ್ಕೊಳ್ಳುತ್ತೆ ಅಣ್ಣ."

ಅವರು ನಕ್ಕರು. ಆಮೇಲೆ ಸುತ್ತ ನೋಡಿ, "ಇನ್ನೊಂದು ಮರಿ ಇದೆ ಅಂದಿದ್ರಲ್ವಾ?" ಎಂದರು.

ಆ ಮಾತು ಕೇಳಿಸಿಕೊಂಡ ಹಾಗೆ ಬುಟ್ಟಿಯ ಮುಚ್ಚಳ ಅಲುಗಿತು. ಮುಚ್ಚಳದ ಸಂದಿಯಿಂದ ಮೊದಲು ಹೊರಬಂದದ್ದು ಮೂಗೇ.

ಬುಗುರಿ ತಟಕ್ಕನೆ ತಿರುಗಿ ಮರಿಯನ್ನು ಎತ್ತಿಕೊಂಡಳು. ಅದರ ಮೂಗನ್ನು ಅಂಗೈಯಲ್ಲಿ ಮುಚ್ಚಿ, "ಇದರದ್ದು ಮುರಿಯೋಕೆ ಬಿಡಲ್ಲ," ಎಂದಳು.

"ಏನೇ ಮುರಿಯೋದು?"

"ಮೂಗು. ನೀನೇ ತಾನೇ ಅಂದಿದ್ದು, ಬಂದೋರೆಲ್ಲ ಮುರೀತಾರೆ ಅಂತ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ತಡೆಯಲಿಲ್ಲ. ಔಷಧಿ ಅಂಗಡಿಯವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಾನು ಮೂಗು ಕಟ್ಟಿದೋರಿಗೆ ಡ್ರಾಪ್ಸ್ ಕೊಡೋನು ಪುಟ್ಟಿ. ಮುರಿಯೋನಲ್ಲ."

"ಮೂಗು ಮುರಿಯೋದು ಅಂದ್ರೆ ಚೆನ್ನಾಗಿಲ್ಲ ಅನ್ನೋದು ಕಣೇ ಹುಚ್ಚಿ," ಎಂದಳು ಅತ್ತೆ. "ಮುರ್ಕೊಳ್ಳೋದು ಅವರವರ ಮೂಗನ್ನ. ನಾಯಿದಲ್ಲ."

ಬುಗುರಿಯ ಕಿವಿ ಬಿಸಿಯಾಯಿತು. ಆದರೂ ಕೇಳದೆ ಬಿಡಲಿಲ್ಲ.

"ಹಾಗಾದ್ರೆ ಗೊರಕಮ್ಮನ ಮೂಗು ಯಾರು ಮುರಿದಿದ್ದು? ಡಾಕ್ಟರಾ?"

"ಯಾರೂ ಇಲ್ಲ. ಹುಟ್ಟಿದ್ದೇ ಹಾಗೆ. ಅದರ ಅಮ್ಮಂದೂ ಹಾಗೇ ಇತ್ತು."

"ಅದರ ಅಮ್ಮನ ಅಮ್ಮಂದು? ಅವರ ಅಮ್ಮಂದು?"

ಅತ್ತೆ ಗೊರಕಮ್ಮನ ಬೆನ್ನು ಸವರುತ್ತಾ ಯೋಚಿಸಿದಳು. "ತುಂಬಾ ಹಿಂದೆ ಇವಕ್ಕೂ ಮೂಗು ಇತ್ತಂತೆ. ಡಾಕ್ಟರು ಹೇಳ್ತಿದ್ರು. ಜನ ಪುಟ್ಟ ಮೂಗಿನ ಮರೀನೇ ಬೇಕು ಅಂತ ಆರಿಸ್ಕೊಂಡ್ರು. ಅವುಗಳಿಗೇ ಜೋಡಿ ಮಾಡಿ ಮರಿ ಹಾಕಿಸಿದ್ರು. ಅದರಲ್ಲಿ ಇನ್ನೂ ಪುಟ್ಟ ಮೂಗಿಂದು ಆರಿಸಿದ್ರು. ಹಾಗೇ ಮೂಗು ಒಳಒಳಕ್ಕೆ ಹೋಯ್ತು."

"ಉದ್ದ ಮೂಗಿನವು ಏನಾದ್ವು?"

"ಅವನ್ನ ಯಾರು ಕೇಳ್ತಾರೆ? ಅವನ್ನ ಕಂಡ್ರೆ ಎಲ್ಲರೂ ಮೂಗು..."

ಗೊರಕಮ್ಮನ ಉಸಿರು ಮಾತ್ರ ಕೋಣೆಯ ತುಂಬ ಕೇಳುತ್ತಿತ್ತು.

"ಎಲ್ಲಿ, ಅದನ್ನೂ ನೋಡೋಣ," ಎಂದು ಔಷಧಿ ಅಂಗಡಿಯವರು ಮುಂದೆ ಬಾಗಿದರು. ಬುಗುರಿ ಕೈ ತೆಗೆದು ಮರಿಯ ಮುಖ ತೋರಿಸಿದಳು. ಅವರ ಮೇಲ್ತುಟಿ ಸ್ವಲ್ಪವೇ ಮೇಲೆದ್ದಿತು. ಮೂಗಿನ ಎರಡೂ ಕಡೆ ಒಂದೊಂದು ಗೆರೆ ಮೂಡಿ, ತಕ್ಷಣ ಮಾಯವಾಯಿತು. ಅಷ್ಟೇ. ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಬುಗುರಿಗೆ ಅದು ಕಂಡಿತು.

"ಮುದ್ದಾಗಿದೆ," ಎಂದು ಅವರು ತಿರುಗಿ, ಎಲ್ಲಕ್ಕಿಂತ ಚಪ್ಪಟೆ ಮೂಗಿನ ಮರಿಯನ್ನು ಎತ್ತಿಕೊಂಡರು. "ಇದೇ ಇರಲಿ ತಾಯಿ. ನಮ್ಮನೆಯವಳು ಮೊಬೈಲಲ್ಲಿ ತೋರಿಸಿದ್ದು ಥೇಟ್ ಹೀಗೇ ಇತ್ತು."

ಅತ್ತೆ ರಟ್ಟಿನ ಡಬ್ಬಕ್ಕೆ ಟವಲ್ ಹಾಸಿ ಮರಿಯನ್ನು ಮಲಗಿಸಿ ಕೊಟ್ಟಳು. ಅವರು ಅದನ್ನು ಹೊತ್ತು ಹೊರಗೆ ಹೋದರು.

ಬುಗುರಿಗೆ ಖುಷಿಯಾಗಬೇಕಿತ್ತು. ಅವಳ ಮರಿ ಅವಳ ಹತ್ತಿರವೇ ಉಳಿಯಿತು. ಅದು ಅವಳ ಕತ್ತಿನಲ್ಲಿ ಮೂಗಿಟ್ಟು ಮೂಸಿ, ಸದ್ದಿಲ್ಲದೆ ಕಣ್ಣು ಮುಚ್ಚಿತು. ಇಷ್ಟು ಹೊತ್ತು ಬುಟ್ಟಿಯಲ್ಲೂ ಹೀಗೇ ಹಾಯಾಗಿ ಮಲಗಿತ್ತು. ಅಂಗಳದಿಂದ ಡಬ್ಬದ ಮರಿಯ ಗೊರ್ ಗೊರ್ ಮಾತ್ರ ಕೇಳುತ್ತಲೇ ಇತ್ತು.

ಅವಳು ಮರಿಯನ್ನು ಅತ್ತೆಯ ಕೈಗೆ ಕೊಟ್ಟು ಗೇಟಿನವರೆಗೆ ಓಡಿದಳು.

"ಅಂಕಲ್, ಟವಲ್ ಮುಖದ ಮೇಲೆ ಬರಬಾರದು. ಬಿಸಿಲಲ್ಲಿ ಇದನ್ನ ಓಡಾಡಿಸ್ಬೇಡಿ. ಮಲಗಿಸುವಾಗ ತಲೆ ಸ್ವಲ್ಪ ಎತ್ತರಕ್ಕಿರಲಿ."

"ಆಯ್ತು ಡಾಕ್ಟರಮ್ಮ," ಎಂದು ಅವರು ನಕ್ಕರು. ಡಬ್ಬವನ್ನು ಸ್ಕೂಟರಿನ ಮುಂದೆ, ಕಾಲಿನ ನಡುವೆ ಇಟ್ಟುಕೊಂಡರು. "ನೋಡು, ಇದಕ್ಕೇನೂ ಚಿಂತೆ ಇಲ್ಲ. ಆಗಲೇ ಗೊರಕೆ ಹೊಡೀತಾ ಇದೆ."

ಬುಗುರಿ ಡಬ್ಬದೊಳಗೆ ಬಗ್ಗಿ ನೋಡಿದಳು. ಮರಿಯ ಕಣ್ಣು ತೆರೆದೇ ಇತ್ತು. ಬಾಯನ್ನು ಸ್ವಲ್ಪ ತೆರೆದು ಅವಳನ್ನೇ ನೋಡುತ್ತಿತ್ತು.

"ನಿದ್ದೆ ಬಂದಿಲ್ಲ ಅಂಕಲ್," ಎಂದಳು ಅವಳು ಮೆಲ್ಲಗೆ. "ಉಸಿರಾಡ್ತಾ ಇದೆ."

ಸ್ಟಾರ್ಟ್ ಮಾಡಲು ಹೋದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡು, ಡಬ್ಬದೊಳಗೆ ಬಗ್ಗಿದರು.