ಇಪ್ಪತ್ತನಾಲ್ಕನೆಯ ಚಿತ್ರ

ತಾಯಿ ಬರೆದ ಮೂರು ಪತ್ರಗಳಿಗೆ ಸೇರಿ ಒಂದೇ ಸಾಲಿನ ಉತ್ತರ ಬಂದಿತ್ತು: "ಮಾನ್ಯರೇ, ಪುರಾವೆಯಿಲ್ಲದೆ ಏನನ್ನೂ ಬದಲಿಸಲಾಗದು." ಕೆಳಗೆ ಪ್ರೊಫೆಸರ್ ಲುಡಾಲ್ಫ್ ಫೆಡರ್ಸನ್ ಅವರ ಸಹಿ. ತಾಯಿ ತೀರಿಕೊಂಡ ವಾರ ಮೈನರ್ಟ್ ಟಾಡ್ಸನ್‌ಗೆ ಆ ಕಾಗದ ಅವಳ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿತು. ಎಷ್ಟು ಸಲ ಬಿಚ್ಚಿ ಮಡಿಸಿದ್ದಳೋ, ಮಡಿಕೆಗಳಲ್ಲಿ ಅದು ಹರಿದು ನಾಲ್ಕು ತುಂಡಾಗಿತ್ತು. ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದೇ ಅವನ ಕಸುಬು. ಆ ನಾಲ್ಕು ತುಂಡುಗಳನ್ನು ತೆಳು ಕಾಗದ ಅಂಟಿಸಿ ಒಂದು ಮಾಡಿ ತನ್ನ ಮೇಜಿನ ಖಾನೆಯಲ್ಲಿಟ್ಟುಕೊಂಡ. ಹನ್ನೊಂದು ವರ್ಷ ಅದು ಅಲ್ಲೇ ಇತ್ತು.

ಹಿಂದಿನದಿಷ್ಟು. ೧೯೬೨ರ ಫೆಬ್ರವರಿಯಲ್ಲಿ ಉತ್ತರ ಸಮುದ್ರ ಒಡ್ಡು ಒಡೆದು ಹೋಲ್ಮರ್‌ಜೀಲ್ ಪಟ್ಟಣದೊಳಗೆ ನುಗ್ಗಿತು. ಅವನ ತಾಯಿ ಗೇಶೆ ಆಗ ಹಾರೋ ಫೆಡರ್ಸನ್‌ನ ಫೋಟೋ ಸ್ಟುಡಿಯೋದಲ್ಲಿ ಸಹಾಯಕಿ. ಯಜಮಾನ ಹಾರೋ ಸೊಂಟ ಹಿಡಿದುಕೊಂಡು ಹಾಂಬುರ್ಗ್‌ನಲ್ಲಿ ತಂಗಿಯ ಮನೆಯಲ್ಲಿ ಮಲಗಿದ್ದ. ಬೆಳಕು ಹರಿಯುತ್ತಲೇ ಗೇಶೆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಸೊಂಟದುದ್ದದ ಹಿಮದಂಥ ನೀರಿಗೆ ಇಳಿದಳು. ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಕೂತು ತೇಲಿದ ಅವಳಿಮಕ್ಕಳು, ಹಗ್ಗ ಕಟ್ಟಿ ಮೇಲಿನ ಕಿಟಕಿಯಿಂದ ರೊಟ್ಟಿ ಇಳಿಸುತ್ತಿದ್ದ ಬೇಕರಿಯವ, ಚರ್ಚಿನ ಮೆಟ್ಟಿಲ ಮೇಲೆ ನಿಂತ ಹಸು. ಒಟ್ಟು ಇಪ್ಪತ್ತಮೂರು ಚಿತ್ರ. ಸಂಜೆ ಮನೆಗೆ ಬಂದಾಗ ಅವಳ ಬೆರಳು ನೀಲಿಗಟ್ಟಿದ್ದವು. ಮೈನರ್ಟ್ ಅವನ್ನು ಉಜ್ಜಿ ಉಜ್ಜಿ ಬಿಸಿ ಮಾಡಿದ್ದ. ಮರುವರ್ಷ ಹಾರೋ ಸತ್ತ, ಸ್ಟುಡಿಯೋ ಮುಚ್ಚಿತು, ನೆಗೆಟಿವ್‌ಗಳು ಕಸಕ್ಕೆ ಹೋದವು, ಚಿತ್ರಗಳು ರಾಜ್ಯದ ಚಿತ್ರಭಂಡಾರ ಸೇರಿದವು. ಇಪ್ಪತ್ತು ವರ್ಷ ಕಳೆದ ಮೇಲೆ ಹಾರೋನ ತಂಗಿಯ ಮಗ ಲುಡಾಲ್ಫ್ ಅವನ್ನೆಲ್ಲ ದೊಡ್ಡ ಪುಸ್ತಕ ಮಾಡಿದ. ತಾಯಿಯ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದ ಆತ ಪುಸ್ತಕದ ಹೊದಿಕೆಯ ಮೇಲೆ ಹೀಗೆ ಹಾಕಿಸಿದ: 'ಹಾರೋ ಫೆಡರ್ಸನ್, ಪ್ರವಾಹದ ಕಣ್ಣು.' ಆ ಪುಸ್ತಕವೇ ಅವನನ್ನು ಭಂಡಾರದ ನಿರ್ದೇಶಕನ ಕುರ್ಚಿಗೆ ತಂದಿತು.

ಮೈನರ್ಟ್ ಅದೇ ಭಂಡಾರದ ನೆಲಮಾಳಿಗೆಯಲ್ಲಿ ಮೂವತ್ತು ವರ್ಷದಿಂದ ದುಡಿಯುತ್ತಿದ್ದ. ಕೊನೆಯ ಬೇನೆಯಲ್ಲಿ ತಾಯಿ ಒಮ್ಮೆ ಕೇಳಿದ್ದಳು. "ನೀನು ಅಲ್ಲೇ ಕೂತಿರ್ತೀಯಲ್ಲೋ. ಒಂದು ಮೂಲೇಲಾದ್ರೂ ನನ್ ಹೆಸರು ಬರಿಯಕ್ಕಾಗಲ್ವಾ?"

"ಹಂಗೆಲ್ಲ ಬರಿಯಕ್ಕಾಗಲ್ಲಮ್ಮಾ. ಕೆಲಸ ಹೋಗತ್ತೆ."

"ಹೋಗ್ಲಿ ಬಿಡು," ಅಂದು ಅವಳು ಗೋಡೆ ಕಡೆ ಹೊರಳಿದ್ದಳು. ಅವಳು ಹೇಳಿದ್ದು ಕೆಲಸ ಹೋಗಲಿ ಅಂತಲೋ, ಮಾತು ಬಿಡು ಅಂತಲೋ ಅವನಿಗೆ ಇಂದಿಗೂ ತಿಳಿಯದು.

೨೦೦೨ಕ್ಕೆ ಪ್ರವಾಹಕ್ಕೆ ನಲವತ್ತು ವರ್ಷ ತುಂಬುತ್ತದೆ, ದೊಡ್ಡ ಪ್ರದರ್ಶನ ಮಾಡಿಯೇ ನಿವೃತ್ತನಾಗುತ್ತೇನೆ ಎಂದು ಪ್ರೊಫೆಸರ್ ಸಾರಿದ ದಿನ ಮೈನರ್ಟ್‌ಗೆ ದಾರಿ ಕಂಡಿತು. ಈ ಮನುಷ್ಯನನ್ನು ಬೀಳಿಸಲು ತಳ್ಳಬೇಕಿಲ್ಲ, ಅವನ ಬಾಯಿಗೆ ಬೇಕಾದ ತುತ್ತು ಇಟ್ಟರೆ ಸಾಕು. ಮಾವನ ಇಪ್ಪತ್ತನಾಲ್ಕನೆಯ ಚಿತ್ರವೊಂದು ಸಿಕ್ಕಿದರೆ ಅವನು ಹಾರಿ ಹಿಡಿಯುತ್ತಾನೆ, ಗೋಡೆಯ ನಟ್ಟನಡುವೆ ತೂಗುಹಾಕುತ್ತಾನೆ. ಮರುದಿನ ಅದು ಸುಳ್ಳೆಂದು ಊರಿಗೆಲ್ಲ ತಿಳಿಯಬೇಕು. ತಾಯಿಯ ಹೆಸರು ಮೇಲೆ ಬರುತ್ತದೋ ಇಲ್ಲವೋ ಎಂಬುದನ್ನು ಅವನು ಯೋಚಿಸುವುದನ್ನೇ ಬಿಟ್ಟಿದ್ದ. ಆ ಇನ್ನೊಂದು ಹೆಸರು ಕೆಳಗೆ ಬೀಳಬೇಕು, ಅಷ್ಟೇ.

ಮೋಸದ ಸೊಗಸು ಇದ್ದುದು ಅದರ ಸರಳತೆಯಲ್ಲಿ. ಅವನು ಏನನ್ನೂ ಸೃಷ್ಟಿಸಬೇಕಿರಲಿಲ್ಲ. ೧೯೭೬ರ ಜನವರಿಯಲ್ಲಿ ಸಮುದ್ರ ಇನ್ನೊಮ್ಮೆ ಉಕ್ಕಿ ಊರೊಳಗೆ ಬಂದಾಗ ಚರ್ಚಿನ ಗೋಪುರದಿಂದ ಮೀನುಬೀದಿಯ ಒಂದು ಚಿತ್ರವನ್ನು ಅವನೇ ತೆಗೆದಿದ್ದ. ಅದೇ ಬೀದಿ, ಅದೇ ಮನೆಗಳು, ಅದೇ ಕಪ್ಪು ನೀರು. ಆ ನೆಗೆಟಿವನ್ನು ಯಾರಿಗೂ ತೋರಿಸಿರಲಿಲ್ಲ. ನೀರಿನಿಂದ ತಲೆ ಎತ್ತಿದ್ದ ಕಾರಿನ ಚಾವಣಿಯನ್ನೂ ಮನೆಗಳ ಮೇಲಿನ ಟಿ.ವಿ. ಆಂಟೆನಾಗಳನ್ನೂ ಕೂದಲೆಳೆಯಷ್ಟು ಸಣ್ಣ ಕುಂಚದಿಂದ ಅಳಿಸಿದ. ಒಂದನ್ನು ಮಾತ್ರ ಬೇಕೆಂದೇ ಉಳಿಸಿದ: ಬೇಕರಿಯ ಮಾಡಿನಲ್ಲಿ ಒಂದು ಪುಟ್ಟ ಕಿಟಕಿ. ಬೇಕರಿಯವ ಅದನ್ನು ಮಗಳ ಕೋಣೆಗೆಂದು ಇರಿಸಿದ್ದು ೧೯೬೯ರಲ್ಲಿ. ಊರವರಿಗೆ ಅದೆಲ್ಲ ಮರೆತುಹೋಗಿತ್ತು, ಆದರೆ ಪುರಸಭೆಯ ಕಾಗದಕ್ಕೆ ಮರೆವಿಲ್ಲ. ಅನುಮತಿ ಪತ್ರ, ನಕ್ಷೆ, ತಾರೀಖು ಎಲ್ಲವೂ ಅಲ್ಲಿದ್ದವು. ತಾನು ಹುಡುಕುತ್ತಿರುವುದು ಯಾವುದೆಂದು ಗುಮಾಸ್ತನಿಗೆ ತಿಳಿಯಬಾರದೆಂದು ಭಂಡಾರದ ಹೆಸರಿನಲ್ಲಿ ಅರ್ಧ ಬೀದಿಯ ನಕ್ಷೆಗಳ ಪ್ರತಿ ತೆಗೆಸಿಕೊಂಡ.

ಚಿತ್ರ ಮುದ್ರಿಸುವ ಕಾಗದ ತಾಯಿಯ ಕಪಾಟಿನಲ್ಲೇ ಇತ್ತು, ಆ ಕಾಲದ್ದು, ಒಡೆಯದ ಪೊಟ್ಟಣ. ಒಂದು ಭಾನುವಾರ ಮಧ್ಯಾಹ್ನ, ನೆರೆಮನೆಯವರು ಕೇಲ್ ಸೊಪ್ಪು ಸಾಸೇಜಿನ ಊಟ ಮುಗಿಸಿ ಅಡ್ಡಾಗಿದ್ದ ಹೊತ್ತಿನಲ್ಲಿ, ತನ್ನ ಸ್ನಾನದ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿ ಮುದ್ರಿಸಿದ. ಹಳೆಯ ಕಾಗದ ಮಂಕಾಗದಂತೆ ರಾಸಾಯನಿಕಕ್ಕೆ ಏನು ಬೆರೆಸಬೇಕೆಂದು ಅವನಿಗಿಂತ ಬಲ್ಲವರು ರಾಜ್ಯದಲ್ಲೇ ಇರಲಿಲ್ಲ. ಆರು ಹಾಳೆ ಹಾಳಾದವು. ಏಳನೆಯದು ಬೇಕಾದ ಹಾಗೆ ಬಂತು. ಹಿಂಬದಿಗೆ ಸ್ಟುಡಿಯೋದ ಠಸ್ಸೆ ಒತ್ತಿದ. ಅದೂ ತಾಯಿಯದೇ, ನೆನಪಿಗೆಂದು ತಂದಿಟ್ಟುಕೊಂಡಿದ್ದಳು. ಒಣಗಿದ ಚಿತ್ರವನ್ನು ಬೆಳಕಿಗೆ ಹಿಡಿದಾಗ ಒಂದು ಕ್ಷಣ ಅವನಿಗೇ ಅದು ೬೨ರದು ಅನ್ನಿಸಿತು.

ಹೋಲ್ಮರ್‌ಜೀಲ್‌ನ ಸತ್ತ ಶಾಲಾಮಾಸ್ತರನೊಬ್ಬನ ಮನೆಯಿಂದ ಎರಡು ರಟ್ಟಿನ ಪೆಟ್ಟಿಗೆ ತುಂಬ ಕಾಗದಗಳು ಬಂದಿದ್ದವು, ಇನ್ನೂ ಯಾರೂ ಬಿಚ್ಚಿರಲಿಲ್ಲ. ಎರಡನೆಯದರಲ್ಲಿ ಪರೀಕ್ಷೆಯ ಅಂಕಪಟ್ಟಿಗಳ ನಡುವೆ ಅದನ್ನು ತೂರಿಸಿದ. ಒಂಬತ್ತನೆಯ ದಿನ ಪಟ್ಟಿ ಮಾಡುವ ವಿಬ್ಕೆ ಮೆಟ್ಟಿಲು ಹಾರಿಕೊಂಡು ನೆಲಮಾಳಿಗೆಗೆ ಬಂದಳು.

"ಮೈನರ್ಟ್, ಕೈಲಿರೋದು ಕೆಳಗಿಟ್ಟು ಇಲ್ನೋಡು! ಮುದುಕ ಇದನ್ನ ನೋಡಿದ್ರೆ ಕುಣಿದಾಡ್ತಾನೆ."

ಮುದುಕ ಕುಣಿಯಲಿಲ್ಲ. ಕನ್ನಡಕ ಹಣೆಗೇರಿಸಿ ಚಿತ್ರವನ್ನು ಮೂಗಿನ ಹತ್ತಿರ ತಂದು ಬಹಳ ಹೊತ್ತು ನೋಡಿದ. ತಿರುಗಿಸಿ ಹಿಂಬದಿ ನೋಡಿದ. ಮತ್ತೆ ತಿರುಗಿಸಿದ.

"ಕಾಗದ ಏನನ್ಸತ್ತೆ ಟಾಡ್ಸನ್?"

"ಆ ಕಾಲದ್ದೇ, ಪ್ರೊಫೆಸರ್ರೇ. ನಾನು ಕಾಗದದ ವಿಷಯ ಮಾತ್ರ ಹೇಳಬಲ್ಲೆ."

"ಸರಿ. ಅಷ್ಟು ಸಾಕು ನಂಗೆ." ಪ್ರೊಫೆಸರ್ ಚಿತ್ರವನ್ನು ಕೈಯಲ್ಲೇ ಹಿಡಿದು ಹೊರಟುಹೋದ.

ತಾನು ಒಂದೇ ಒಂದು ಸುಳ್ಳು ಮಾತೂ ಆಡಿಲ್ಲವೆಂಬುದು ಮೈನರ್ಟ್‌ಗೆ ಹೆಮ್ಮೆಯಾಗಿತ್ತು. ಎರಡು ವಾರದ ಬಳಿಕ ಇನ್ನೊಂದು ಸುದ್ದಿ ಬಂತು: ಪ್ರದರ್ಶನಕ್ಕೆ ಹೊಸ ಚೌಕಟ್ಟು ಬೇಕೆಂದು ಪ್ರೊಫೆಸರ್ ಹಳೆಯ ಇಪ್ಪತ್ತಮೂರನ್ನೂ ಹಾಂಬುರ್ಗ್‌ನ ಯಾವುದೋ ಕಾರ್ಯಾಗಾರಕ್ಕೆ ಕಳಿಸಿದ್ದಾನಂತೆ. ಮೂವತ್ತು ವರ್ಷ ಆ ಚಿತ್ರಗಳ ಧೂಳು ಒರೆಸಿದವನು ಇಲ್ಲೇ ಇದ್ದಾನೆ, ಕೆಲಸ ಮಾತ್ರ ಹೊರಗಿನವರಿಗೆ! ವಿಬ್ಕೆ ಕೂಡ ಬೇಸರಪಟ್ಟಳು. ಮೈನರ್ಟ್ ನಕ್ಕುಬಿಟ್ಟ. ಈ ಅವಮಾನವೂ ಇರಲಿ, ಎಲ್ಲ ಒಟ್ಟಿಗೇ ತೀರುತ್ತದೆ.

ಪ್ರದರ್ಶನ ಶನಿವಾರ ಬೆಳಗ್ಗೆ. ಗುರುವಾರ ಅವನು ಹಲ್ಲುನೋವೆಂದು ರಜೆ ಹಾಕಿ ಹಾಂಬುರ್ಗ್‌ಗೆ ಹೋದ. ರೈಲು ನಿಲ್ದಾಣದ ಅಂಚೆ ಡಬ್ಬಿಗೆ ಒಂದು ಲಕೋಟೆ ಹಾಕಿದ. ಸಂತೆಯಲ್ಲಿ ಕೊಂಡ ಹಳೆಯ ಟೈಪ್‌ರೈಟರಿನಲ್ಲಿ ಪತ್ರ ಬಡಿದು ಯಂತ್ರವನ್ನು ಆಗಲೇ ಕಾಲುವೆಗೆ ಎಸೆದಾಗಿತ್ತು. ಪತ್ರ ಪತ್ರಕರ್ತೆ ಇಂಕೆನ್ ರಾಲ್ಫ್ಸ್ ಹೆಸರಿಗೆ. ದೊಡ್ಡವರ ಗಡ್ಡ ಹಿಡಿದೆಳೆಯುವುದರಲ್ಲಿ ಆಕೆ ನಿಸ್ಸೀಮಳು. ಒಳಗೆ ೧೯೬೯ರ ಅನುಮತಿ ಪತ್ರದ ಪ್ರತಿ, ಜೊತೆಗೆ ನಾಲ್ಕು ವಾಕ್ಯ. ಕೊನೆಯದನ್ನು ಬರೆಯಲು ಒಂದು ಇಡೀ ಸಂಜೆ ಹಿಡಿದಿತ್ತು, ಅದು ಅವನಿಗೆ ಬಹಳ ಇಷ್ಟವಾಗಿತ್ತು: "ಇದೊಂದು ಸುಳ್ಳಾದರೆ, ಅದೇ ಕೈಯ ಉಳಿದ ಇಪ್ಪತ್ತಮೂರನ್ನು ಯಾರು ನಂಬಬೇಕು?"

ಶನಿವಾರ ಭಂಡಾರದ ದೊಡ್ಡ ಹಾಲ್ ತುಂಬಿತ್ತು. ಬಾಗಿಲ ಬಳಿ "ಮೊಯ್ನ್, ಮೊಯ್ನ್" ಎಂದು ಕೈಕುಲುಕುವ ಸದ್ದು, ಒದ್ದೆ ಕೋಟುಗಳ ವಾಸನೆ, ರಮ್ ಹಾಕಿದ ಕಾಫಿ. ಹೋಲ್ಮರ್‌ಜೀಲ್‌ನಿಂದ ಎರಡು ಬಸ್ಸು ಜನ ಬಂದಿದ್ದರು. ಒಂದು ಕಾಲದಲ್ಲಿ ತೊಟ್ಟಿಯಲ್ಲಿ ತೇಲಿದ ಅವಳಿಮಕ್ಕಳು ಈಗ ದಪ್ಪನೆಯ ಇಬ್ಬರು ಹೆಂಗಸರಾಗಿ ಮೊದಲ ಸಾಲಿನಲ್ಲಿ ಕೂತಿದ್ದರು. ಚಿತ್ರಗಳ ಮೇಲೆ ಬಿಳಿಬಟ್ಟೆ ಇಳಿಬಿಟ್ಟಿತ್ತು. ಮೂರನೆಯ ಸಾಲಿನ ತುದಿಯಲ್ಲಿ ಇಂಕೆನ್ ರಾಲ್ಫ್ಸ್, ತೊಡೆಯ ಮೇಲೆ ಅವನ ಲಕೋಟೆ. ಮೈನರ್ಟ್ ಹಿಂದಿನ ಕಂಬಕ್ಕೆ ಒರಗಿ ನಿಂತ. ಹೃದಯ ನಿಧಾನವಾಗಿ, ಹದವಾಗಿ ಬಡಿಯುತ್ತಿತ್ತು.

ಪ್ರೊಫೆಸರ್ ಚೀಟಿ ನೋಡದೆ ಮಾತಾಡಿದ. "ಹದಿನೆಂಟು ವರ್ಷದ ಕೆಳಗೆ ಒಬ್ಬ ಹೆಂಗಸು ನಂಗೆ ಮೂರು ಪತ್ರ ಬರೆದ್ಲು. ಪ್ರವಾಹದ ಚಿತ್ರ ತೆಗೆದೋಳು ನಾನು ಅಂತ. ನಾನು ಪುರಾವೆ ಕೊಡಿ ಅಂದೆ. ದೊಡ್ಡ ಮನುಷ್ಯ ನೋಡಿ ನಾನು! ಪುರಾವೆ ನನ್ನ ಭಂಡಾರದಲ್ಲೇ ಇತ್ತು. ತಪ್ಪು ನಂದು. ಆಯಮ್ಮ ಇಲ್ಲ ಈಗ, ಕ್ಷಮೆ ಕೇಳೋಕೂ ತಡವಾಯ್ತು." ಅವನು ಬಟ್ಟೆ ಎಳೆದ. ಗೋಡೆಯ ಮೇಲೆ ಅಂಗೈ ಅಗಲದ ಅಕ್ಷರಗಳಲ್ಲಿ ಬರೆದಿತ್ತು: 'ಗೇಶೆ ಟಾಡ್ಸನ್, ಪ್ರವಾಹದ ಕಣ್ಣು. ಇಪ್ಪತ್ತನಾಲ್ಕು ಚಿತ್ರಗಳು.'

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವಳಿ ಹೆಂಗಸರಲ್ಲೊಬ್ಬಳು ಕರವಸ್ತ್ರಕ್ಕೆ ಮೂಗು ಸೀನಿ ಜೋರಾಗಿ ಅಂದಳು, "ನಾನು ಹೇಳಿರ್ಲಿಲ್ವೇನೇ? ನಮ್ಮನ್ನ ನಗಿಸಿದ್ದು ಒಂದು ಹೆಂಗಸು ಅಂತ!" ಮೈನರ್ಟ್‌ನ ಕಣ್ಣು ಆ ಹೆಸರಿನ ಮೇಲೆ ನೆಟ್ಟಿತು. ತಾಯಿಗೆ ಒಂದು ಮೂಲೆ ಸಾಕಾಗಿತ್ತು, ಇಲ್ಲಿ ಇಡೀ ಗೋಡೆಯೇ ಇತ್ತು. ಅದರ ಬೆನ್ನಿಗೇ ಅವನ ನೋಟ ಗೋಡೆಯ ನಟ್ಟನಡುವಿನ ಚಿತ್ರಕ್ಕೆ, ಬೇಕರಿಯ ಮಾಡಿನ ಪುಟ್ಟ ಕಿಟಕಿಗೆ ಹೋಯಿತು. ಅಲ್ಲಿಂದ ಮೂರನೆಯ ಸಾಲಿಗೆ. ಇಂಕೆನ್ ರಾಲ್ಫ್ಸ್ ಲಕೋಟೆಯಿಂದ ಕಾಗದ ಹೊರತೆಗೆಯುತ್ತಿದ್ದಳು. ಅದೇ ಕೈ, ಎಂದು ಅವನೇ ಬರೆದಿದ್ದ; ಈಗ ಅದು ತಾಯಿಯ ಕೈ. ಕಾಲು ಮುಂದಿಡಬೇಕೆಂದುಕೊಂಡ, ಆಗಲಿಲ್ಲ.

"ಕಣ್ಣು ತೆರೆಸಿದ್ದು ಒಂದು ಚುಕ್ಕೆ," ಎನ್ನುತ್ತಿದ್ದ ಪ್ರೊಫೆಸರ್. "ಹಾರೋ ಮಾವ ನಮ್ಮಮ್ಮನಿಗೆ ಬರೆದ ಒಂದು ಕಾಗದ ಇದೆ: 'ಗೇಶೆಗೆ ಬೇರೆ ಠಸ್ಸೆ ಮಾಡಿಸಿಕೊಟ್ಟಿದೀನಿ, ಯಾರ ಚಿತ್ರ ಯಾರದು ಅಂತ ಗೊತ್ತಾಗ್ಲಿ ಅಂತ ನಮ್ಮ ಹೆಸರಿನ ಕೊನೇಲಿ ಒಂದು ಚುಕ್ಕೆ ಇರಿಸಿದೀನಿ, ಅವಳಿಗೆ ಹೇಳಿಲ್ಲ, ಹೇಳಿದ್ರೆ ತಲೆ ಮೇಲೆ ಕೂರ್ತಾಳೆ.' ಆ ಚುಕ್ಕೆ ನಾನು ಎಂದೂ ಕಂಡಿರ್ಲಿಲ್ಲ, ಯಾಕಂದ್ರೆ ಇಪ್ಪತ್ತಮೂರು ಚಿತ್ರಗಳ ಬೆನ್ನೂ ರಟ್ಟಿಗೆ ಅಂಟಿತ್ತು. ಈ ಹೊಸ ಚಿತ್ರದ ಬೆನ್ನ ಮೇಲೆ ಅದನ್ನ ಕಂಡೆ. ಉಳಿದವನ್ನ ಹಾಂಬುರ್ಗ್‌ಗೆ ಕಳಿಸಿ ರಟ್ಟಿನಿಂದ ಬಿಡಿಸ್ದೆ. ಇಪ್ಪತ್ತಮೂರರಲ್ಲೂ ಚುಕ್ಕೆ!" ರಟ್ಟು ಬಿಡಿಸಲು ಬೇಕಾದ್ದು ಒಂದು ತೊಟ್ಟಿ ಉಗುರುಬೆಚ್ಚಗಿನ ನೀರು, ಒಂದು ಮಧ್ಯಾಹ್ನ. ಅಷ್ಟನ್ನು ಮೈನರ್ಟ್ ಮೂವತ್ತು ವರ್ಷದಲ್ಲಿ ಯಾವ ದಿನ ಬೇಕಾದರೂ ಮಾಡಬಹುದಿತ್ತು. ಪ್ರೊಫೆಸರ್ ಜನರ ತಲೆಗಳ ಮೇಲಿಂದ ಅವನನ್ನು ಹುಡುಕಿ ಕೈ ಚಾಚಿದ. "ಗೇಶೆಯ ಮಗ ಅಲ್ಲಿ ನಿಂತಿದಾನೆ, ನಮ್ಮ ಟಾಡ್ಸನ್. ಬಾರಪ್ಪಾ ಮುಂದೆ. ಲೋಕದಲ್ಲಿ ಅಂಥ ಠಸ್ಸೆ ಇದ್ದಿದ್ದು ಒಂದೇ. ನಿಮ್ಮಮ್ಮ ಅದನ್ನ ಖಂಡಿತ ಎತ್ತಿಟ್ಟಿರ್ತಾಳೆ, ನಿಮ್ಮನೇಲೇ ಇರಬೇಕಲ್ವಾ?" ಎಲ್ಲರೂ ನಗುಮೊಗದಿಂದ ಅವನತ್ತ ತಿರುಗಿದರು. ಇಂಕೆನ್ ರಾಲ್ಫ್ಸ್ ಮಾತ್ರ ನಗಲಿಲ್ಲ. ಒಂದು ಕೈಯಲ್ಲಿ ಅನುಮತಿ ಪತ್ರ ಹಿಡಿದುಕೊಂಡು ಎದ್ದು ನಿಂತಿದ್ದಳು, ಇನ್ನೊಂದು ಕೈ ಪ್ರಶ್ನೆ ಕೇಳಲು ಮೇಲಕ್ಕೆತ್ತಿತ್ತು. ಕಣ್ಣು ಮಾತ್ರ ಈಗ ಪ್ರೊಫೆಸರನ ಮೇಲಿರದೆ ಮೈನರ್ಟ್‌ನ ಮೇಲಿತ್ತು.